ಗಾಜು ಅರ್ಧಕ್ಕೇ ನಿಂತರೆ ಮೋಟರ್ ಹೋಯಿತೇ?

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಕಾರಿನ ಎಡಬಾಗಿಲಿನ ಪವರ್ ವಿಂಡೋ ಅರ್ಧಕ್ಕೇ ನಿಲ್ಲುತ್ತಿದೆ. ಮೋಟರ್ ಬದಲಿಸಬೇಕೇ?
– ಓದುಗರೊಬ್ಬರು, ಕುಪ್ಪಗಡ್ಡೆ, ಸೊರಬ ತಾಲ್ಲೂಕು

ಉತ್ತರ: ಅವಸರ ಬೇಡ. ಮೊದಲು ಸ್ವಿಚ್ ಒತ್ತಿ ಕಿವಿಗೊಡಿ. ಮೋಟರ್ ಗುಯ್‌ಗುಟ್ಟಿಯೂ ಗಾಜು ಅಲುಗದಿದ್ದರೆ, ಗಾಜನ್ನು ಎತ್ತುವ ರೆಗ್ಯುಲೇಟರಿನ ತಂತಿಯೋ ಹಲ್ಲೋ ಮುರಿದಿರಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಸ್ವಿಚ್, ಬಾಗಿಲ ಸಂದಿನ ರಬ್ಬರ್ ಕೊಳವೆಯೊಳಗಿನ ವೈರು ನೋಡಿಸಿ. ಬಾಗಿಲು ತೆರೆದು ಮುಚ್ಚಿ ಮಾಡುವುದರಿಂದ ಅಲ್ಲಿನ ವೈರು ಒಳಗೇ ತುಂಡಾಗುವುದುಂಟು. ಸ್ವಿಚ್ ಒತ್ತಿದಾಗ ಒಳದೀಪ ತುಸು ಮಂಕಾದರೆ ಮೋಟರಿಗೆ ಕರೆಂಟು ತಲುಪುತ್ತಿದೆ ಎಂದೇ ಲೆಕ್ಕ.

ನಿಮ್ಮದು ಅರ್ಧಕ್ಕೆ ನಿಲ್ಲುವ ರೋಗ. ಕೆಲ ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಏರುತ್ತದೆಯೇ? ಹಾಗಾದರೆ ಮೋಟರ್ ಬಿಸಿಯಾಗಿ ತನ್ನನ್ನು ತಾನೇ ನಿಲ್ಲಿಸಿಕೊಂಡಿರಬಹುದು. ಹೆಚ್ಚಿನ ಮೋಟರುಗಳಲ್ಲಿ ಆ ರಕ್ಷಣೆ ಇದೆ. ಬೇಸಿಗೆಯ ಕೆಂಧೂಳು ಗಾಜು ಜಾರುವ ರಬ್ಬರ್ ಚಾನೆಲಿನಲ್ಲಿ ಕೂತು, ಮೊದಲ ಮಳೆಗೆ ಕೆಸರಾಗಿ ಬಿಗಿದು ಮೋಟರಿಗೆ ಭಾರವಾಗಿರುತ್ತದೆ. ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅಡುಗೆ ಎಣ್ಣೆ, ಗ್ರೀಸ್ ಖಂಡಿತ ಬೇಡ. ಧೂಳನ್ನು ಇನ್ನಷ್ಟು ಅಂಟಿಸುತ್ತವೆ.

ಬಾಗಿಲಿನ ತಳಅಂಚಿನಲ್ಲಿ ನೀರು ಹೋಗಲು ಸಣ್ಣ ರಂಧ್ರಗಳಿರುತ್ತವೆ. ಎಲೆಚೂರು, ಮಣ್ಣು ತುಂಬಿದ್ದರೆ ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿ. ಅವು ಮುಚ್ಚಿದರೆ ಬಾಗಿಲೊಳಗೆ ನೀರು ನಿಂತು ಮೋಟರ್ ನಿಜಕ್ಕೂ ತುಕ್ಕು ಹಿಡಿಯುತ್ತದೆ. ಇಷ್ಟಾಗಿಯೂ ಗಾಜು ಏರದಿದ್ದರೆ ಬಾಗಿಲ ಪ್ಯಾನೆಲ್ ಬಿಚ್ಚುವುದನ್ನು ಮೆಕ್ಯಾನಿಕ್‌ಗೇ ಬಿಡಿ. ಹಳೆಯ ಕ್ಲಿಪ್ಪುಗಳು ಸುಲಭಕ್ಕೆ ಮುರಿಯುತ್ತವೆ. ಮೋಟರಿಗೆ ನೇರ 12 ವೋಲ್ಟ್ ಕೊಟ್ಟು ಪರೀಕ್ಷಿಸಿದ ಮೇಲಷ್ಟೇ ಹೊಸದಕ್ಕೆ ದುಡ್ಡು ಕೊಡಿ.