ಐವತ್ತರ ಗೆರೆ, ಅರವತ್ತರ ಗಡಿ

ಗಾಲ್ಫ್ ಎಂದರೆ ನಮ್ಮಲ್ಲಿ ಹಲವರ ಕಣ್ಣಿಗೆ ಬರುವುದು ಕಾಂಪೌಂಡಿನಾಚೆಯ ಹಸಿರು, ನಿವೃತ್ತ ಅಧಿಕಾರಿಗಳು, ನಿಧಾನವಾಗಿ ಸಾಗುವ ಪುಟ್ಟ ಗಾಡಿ. ಭಾರತದ ಪುರುಷರ ವೃತ್ತಿಪರ ಗಾಲ್ಫ್ ಟೂರ್, ಅಂದರೆ ಪಿಜಿಟಿಐ, ಒಂದು ವರ್ಷ ಹೇಗೆ ಉರುಳುತ್ತದೆಂದು ನೋಡಿದವರಿಗೆ ಈ ಆಟದಲ್ಲಿ ಬೆವರೂ ಉಂಟು, ಸಾಲವೂ ಉಂಟು ಎಂಬುದು ಬೇಗನೆ ತಿಳಿಯುತ್ತದೆ.

2006ರಲ್ಲಿ ಆರಂಭವಾದ ಈ ಟೂರ್‌ಗೆ 2024ರಿಂದ ಕಪಿಲ್ ದೇವ್ ಅಧ್ಯಕ್ಷರು. ವರ್ಷದ ಮೊದಲಿಗೆ ಕ್ವಾಲಿಫೈಯಿಂಗ್ ಸ್ಕೂಲ್. ಹೆಸರಿಗೆ ಸ್ಕೂಲ್, ಪಾಠವಿಲ್ಲ, ಪರೀಕ್ಷೆ ಮಾತ್ರ. ಅಲ್ಲಿ ಪಾಸಾದವನ ಕೈಗೆ ಆ ವರ್ಷ ಟೂರ್‌ನಲ್ಲಿ ಆಡುವ ಹಕ್ಕು, ಅಂದರೆ ಕಾರ್ಡ್. ಅಲ್ಲಿಂದ ಒಂದು ವಾರ ಅಹಮದಾಬಾದ್, ಇನ್ನೊಂದು ವಾರ ಕೋಲ್ಕತ್ತ, ಮತ್ತೆ ಚಂಡೀಗಢ ಎಂದು ಊರೂರು ಸುತ್ತಾಟ. ಬಿಸಿಲು, ಮಳೆ ಕಳೆಯಲು ನಡುವೆ ಒಂದಿಷ್ಟು ಬಿಡುವು. ಬಿಡುವು ಮುಗಿದರೆ ಡಿಸೆಂಬರ್‌ವರೆಗೂ ಪುರುಸೊತ್ತಿಲ್ಲ. ಅಸ್ಸಾಂನ ತೈಲದ ಊರು ದಿಗ್ಬೋಯಿಗೂ ಈ ಬಳಗ ಹೋಗಿಬರುತ್ತದೆ.

ಪಂದ್ಯ ನಾಲ್ಕು ಸುತ್ತಿನದು, ಒಟ್ಟು 72 ಹೋಲ್. ಆದರೆ ನನ್ನ ಮಟ್ಟಿಗೆ ನಿಜವಾದ ನಾಟಕ ನಡೆಯುವುದು ಎರಡನೇ ದಿನದ ಮಧ್ಯಾಹ್ನ. 36 ಹೋಲ್ ಮುಗಿದಾಗ ಮೊದಲ ಐವತ್ತು ಸ್ಥಾನದವರು ಮತ್ತು ಐವತ್ತನೆಯವನಿಗೆ ಸಮನಾಗಿ ನಿಂತವರು ಮಾತ್ರ ಉಳಿಯುತ್ತಾರೆ. ಮಿಕ್ಕವರದ್ದು ಗಂಟುಮೂಟೆ. ‘ಕಟ್ ಮಿಸ್ ಆಯ್ತು’ ಎಂದರೆ ಆ ವಾರದ ಸಂಪಾದನೆ ಸೊನ್ನೆ. ಪ್ರಯಾಣ, ರೂಮು, ಊಟ, ಬ್ಯಾಗ್ ಹೊರುವ ಕ್ಯಾಡಿಯ ಕೂಲಿ ಎಲ್ಲವೂ ಕೈಯಿಂದಲೇ. ಹದಿನೆಂಟನೇ ಗ್ರೀನ್‌ನಲ್ಲಿ ನಾಲ್ಕಡಿ ದೂರದ ಪಟ್ ಮುಂದೆ ನಿಂತ ಹುಡುಗನನ್ನು ನೋಡಬೇಕು. ಮಂಡಿಯೂರಿ ಇಳಿಜಾರು ಅಳೆಯುತ್ತಾನೆ, ಎದ್ದು ಹಿಂದೆ ಹೋಗುತ್ತಾನೆ, ಮತ್ತೆ ಬಂದು ಬಾಗುತ್ತಾನೆ. ಕ್ಯಾಡಿ ಉಸಿರೆತ್ತುವುದಿಲ್ಲ. ಚೆಂಡು ಕುಳಿಯ ಅಂಚು ಸವರಿ ಪಕ್ಕಕ್ಕೆ ಹೊರಳಿದರೆ ಆ ಊರಿನ ಲೆಕ್ಕ ಅಲ್ಲಿಗೇ ಚುಕ್ತಾ.

ಅಷ್ಟಾದರೂ ಕೆಲಸ ಮುಗಿಯುವುದಿಲ್ಲ. ಗಾಲ್ಫ್‌ನಲ್ಲಿ ಒಬ್ಬನ ಸ್ಕೋರನ್ನು ಜೊತೆಗಾರ ಬರೆಯುತ್ತಾನೆ, ಆಡಿದವನು ಪರಿಶೀಲಿಸಿ ಸಹಿ ಹಾಕುತ್ತಾನೆ. ಒಂದು ಹೋಲ್‌ಗೆ ಆಡಿದ್ದಕ್ಕಿಂತ ಕಡಿಮೆ ಹೊಡೆತ ನಮೂದಾಗಿದ್ದು, ಅದನ್ನು ಗಮನಿಸದೆ ಸಹಿ ಮಾಡಿ ಕೊಟ್ಟರೆ ಪಂದ್ಯದಿಂದಲೇ ಹೊರಗೆ. ಹೆಚ್ಚು ನಮೂದಾಗಿದ್ದರೆ ಆ ಹೆಚ್ಚಿನದೇ ಖಾಯಂ. ಅಂಪೈರ್ ಜೊತೆ ಜಗಳವಾಡಿ ಬೆಳೆದ ನಮ್ಮ ಕ್ರಿಕೆಟ್ ಮನಸ್ಸಿಗೆ ಇದು ಸ್ವಲ್ಪ ಕಠಿಣ ಎನಿಸೀತು.

ದುಡ್ಡಿನ ಹಂಚಿಕೆಯಂತೂ ಕಡಿದಾದ ಇಳಿಜಾರು. ಒಂದು ಕೋಟಿ ರೂಪಾಯಿಯ ಪಂದ್ಯದಲ್ಲಿ ಗೆದ್ದವನಿಗೆ 15 ಲಕ್ಷ. ಕಟ್ ದಾಟಿಯೂ ಕೊನೆಯಲ್ಲಿ ನಿಂತವನಿಗೆ ಒಂದು ಲಕ್ಷವೂ ಸಿಗದು. ವರ್ಷವಿಡೀ ಗಳಿಸಿದ್ದನ್ನು ಕೂಡಿಸಿದರೆ ಅದೇ ಆರ್ಡರ್ ಆಫ್ ಮೆರಿಟ್ ಪಟ್ಟಿ. 2023ರಲ್ಲಿ ಮಧ್ಯಪ್ರದೇಶದ ಮಹೂ ಊರಿನ ಓಂ ಪ್ರಕಾಶ್ ಚೌಹಾಣ್ ಇದರ ತುದಿಗೇರಿ, ಯುರೋಪಿನ ಡಿಪಿ ವರ್ಲ್ಡ್ ಟೂರ್‌ನ ಕಾರ್ಡ್ ಪಡೆದರು. ಮರುವರ್ಷ ವೀರ್ ಅಹ್ಲಾವತ್ ಒಂದೂವರೆ ಕೋಟಿ ದಾಟಿ ದಾಖಲೆ ಬರೆದರು. ಪತ್ರಿಕೆಗಳು ತುದಿಯ ಹೆಸರನ್ನಷ್ಟೇ ಅಚ್ಚುಮಾಡುತ್ತವೆ. ಆಟಗಾರರ ಕಣ್ಣು ಮಾತ್ರ ಅರವತ್ತನೇ ಸ್ಥಾನದ ಮೇಲೆ. ಅದರೊಳಗಿದ್ದರೆ ಮುಂದಿನ ವರ್ಷದ ಕಾರ್ಡ್ ಭದ್ರ, ಇಲ್ಲದಿದ್ದರೆ ಮತ್ತೆ ಸ್ಕೂಲು. ಹೀಗಾಗಿ ಜಮ್ಶೆಡ್‌ಪುರದಲ್ಲಿ ಹಲವು ವರ್ಷಗಳಿಂದ ನಡೆದುಬಂದಿರುವ ಟಾಟಾ ಸ್ಟೀಲ್ ಟೂರ್ ಚಾಂಪಿಯನ್‌ಶಿಪ್, ಅಂದರೆ ಋತುವಿನ ಕೊನೆಯ ದೊಡ್ಡ ಪಂದ್ಯದ ಹೊತ್ತಿಗೆ, ಎಲ್ಲರೂ ಗಣಿತಜ್ಞರೇ.

ಈ ಟೂರ್‌ನ ನಿಜವಾದ ಹೆಮ್ಮೆ ಬೇರೆ ಕಡೆ ಇದೆ. ಅಶೋಕ್ ಕುಮಾರ್, ಶಮೀಮ್ ಖಾನ್ ದೆಹಲಿಯಲ್ಲಿ ಬೇರೆಯವರ ಬ್ಯಾಗ್ ಹೊತ್ತು ಆಟ ಕಲಿತವರು. ಕೋಲ್ಕತ್ತದ ಎಸ್.ಎಸ್.ಪಿ. ಚೌರಾಸಿಯಾ ಹುಲ್ಲುಹಾಸು ನೋಡಿಕೊಳ್ಳುತ್ತಿದ್ದವರ ಮಗ, 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಗುರುಗ್ರಾಮದಲ್ಲಿ ಕೊರಿಯಾದ ಲೀ ಸುಂಗ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಅದೇ ಪ್ರಶಸ್ತಿ ಎತ್ತಿದರು. ಬಿಡದಿ ಬಳಿಯ ಈಗಲ್‌ಟನ್ ಪಕ್ಕದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಈ ಟೂರ್‌ನ ಗಟ್ಟಿ ಹೆಸರುಗಳಲ್ಲೊಂದು. 1876ರ ಬೆಂಗಳೂರು ಗಾಲ್ಫ್ ಕ್ಲಬ್ ಇರುವ ಊರಿನಲ್ಲಿ ಮುನಿಯಪ್ಪನವರ ಗೆಲುವನ್ನು ನೆನಪಿಟ್ಟವರು ಎಷ್ಟು ಮಂದಿ? ಒಬ್ಬ ಕ್ರಿಕೆಟಿಗ ಇಂಥದ್ದನ್ನು ಸಾಧಿಸಿದ್ದರೆ ಒಂದು ವೃತ್ತಕ್ಕಾದರೂ ಅವನ ಹೆಸರಿಡುತ್ತಿದ್ದೆವು.

2025ರಲ್ಲಿ ಐಜಿಪಿಎಲ್ ಎಂಬ ಪ್ರತಿಸ್ಪರ್ಧಿ ಕೂಟವೂ ಹುಟ್ಟಿ, ಕೆಲವು ಪರಿಚಿತ ಹೆಸರುಗಳು ಅತ್ತ ವಾಲಿದವು. ಪ್ರಾಯೋಜಕರ ಹಣ ಎರಡು ಕಡೆ ಹರಿದರೆ ಮೇಲಿನವರಿಗೆ ಲಾಭವಾದೀತು. ಐವತ್ತರ ಆಸುಪಾಸಿನಲ್ಲಿ ತೂಗಾಡುವವರಿಗೆ ಅದರಿಂದ ಏನು ದಕ್ಕುತ್ತದೆ ಎಂಬುದನ್ನೇ ಎರಡೂ ಕಡೆಯವರು ಮೊದಲು ಯೋಚಿಸಬೇಕು.

ಟೂರ್ ಬೆಂಗಳೂರಿಗೆ ಬಂದಾಗ ಒಮ್ಮೆ ಹೋಗಿ ನೋಡಿ. ಹೋಗುವುದಾದರೆ ಎರಡನೇ ದಿನ, ಊಟ ಮುಗಿಸಿಕೊಂಡು ಹೋಗಿ. ಮುಂಚೂಣಿಯವರ ಹಿಂದೆ ಓಡಬೇಡಿ, ಪಟ್ಟಿಯಲ್ಲಿ ಐವತ್ತನೆಯವನು ಯಾರೆಂದು ಕೇಳಿ ಅವನ ಹಿಂದೆ ನಡೆಯಿರಿ.