ಮನೀ ಮಂಜೂರು ಮಾಡವ್ರು ಯಾರು?

ಕಾಗವಾಡ: ಸರ್ಕಾರಿ ಮನೆ ಬೇಕಾದ ಬಡವರು ಈ ಭಾಗದಲ್ಲಿ ಮೊದಲು ಹೋಗುವುದು ಪಂಚಾಯ್ತಿ ಕಚೇರಿಗಲ್ಲ, ಶಾಸಕರ ಮನೆಯ ಅಂಗಳಕ್ಕೆ. ಕೈಯಲ್ಲಿ ರೇಶನ್ ಕಾರ್ಡಿನ ಝೆರಾಕ್ಸ್, ಜಾಗದ ಉತಾರ, ಜೊತೆಗೆ ಊರಿನ ಒಬ್ಬ ಪುಢಾರಿ. "ಸಾಹೇಬ್ರ, ನಮ್ಮದೊಂದು ಹೆಸರು ಹಚ್ಚಿ ಕೊಡ್ರಿ" ಎಂಬ ಮಾತಿಗೆ "ಆತು, ನೋಡೂಣು" ಎಂಬ ಉತ್ತರ ಬಂದರೆ ಮನೆ ಮಂಜೂರಾದಷ್ಟೇ ಸಮಾಧಾನ. ಪಕ್ಷ ಬದಲಾಗಿದೆ, ಶಾಸಕರು ಬದಲಾಗಿದ್ದಾರೆ, ಅಂಗಳದ ಪಾಳಿ ಮಾತ್ರ ಹಾಗೇ ಇದೆ.

ಕಾನೂನು ಹೇಳುವುದೇ ಬೇರೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಹಳ್ಳಿಯಲ್ಲಿ ಫಲಾನುಭವಿಯನ್ನು ಆರಿಸುವ ಹಕ್ಕು ಗ್ರಾಮಸಭೆಯದು. ಆರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕು. ಯಾರಿಗೆ ಮನೆ ಇಲ್ಲ, ಯಾರು ಪತ್ರಾಸ್ ಶೆಡ್ಡಿನಲ್ಲಿದ್ದಾರೆ, ಯಾರು ಅಣ್ಣನ ಹೆಸರಿನಲ್ಲಿ ಒಂದು, ತಮ್ಮನ ಹೆಸರಿನಲ್ಲಿ ಒಂದು ಹೊಡೆದಿದ್ದಾರೆ ಎಂಬುದು ಊರಿಗೇ ಗೊತ್ತು. ಅದನ್ನು ಊರೇ ಹೇಳಲಿ ಎಂಬುದು ಕಾಯ್ದೆಯ ಆಶಯ. ಆದರೆ ಗ್ರಾಮಸಭೆಯ ದಿನ ಬಡವರು ಕಬ್ಬಿನ ಗದ್ದೆಯಲ್ಲಿ ಇರುತ್ತಾರೆ. ಒಂದು ದಿನದ ಪಗಾರ ಬಿಟ್ಟು ಬಂದು ಕೂಡ್ರುವುದು ಎಲ್ಲರಿಂದ ಆಗುವ ಕೆಲಸವಲ್ಲ. ಬಂದು ಕೂತವರು ಬರೆದದ್ದೇ ಯಾದಿ.

ಪಟ್ಟಣದ ಲೆಕ್ಕ ಬೇರೆ. ಉಗಾರ ಖುರ್ದ, ಶೇಡಬಾಳ, ಐನಾಪುರದಂಥ ಪುರಸಭೆ, ಪಟ್ಟಣ ಪಂಚಾಯ್ತಿಗಳ ಹದ್ದಿನಲ್ಲಿ ಆಯ್ಕೆ ಮಾಡುವುದು ಆಶ್ರಯ ಸಮಿತಿ. ಅದಕ್ಕೆ ಶಾಸಕರೇ ಅಧ್ಯಕ್ಷರು. ಅಂದರೆ ರಸ್ತೆಯ ಈ ಕಡೆ ಊರಿನ ಮಾತು, ಆ ಕಡೆ ಶಾಸಕರ ಮಾತು. ಈ ವ್ಯತ್ಯಾಸ ಎಷ್ಟು ಜನರಿಗೆ ಗೊತ್ತು? ಗೊತ್ತಿದ್ದವರೂ ಬಾಯಿ ಬಿಡುವುದಿಲ್ಲ. ಹಳ್ಳಿಯಲ್ಲೂ "ನಾನೇ ಕೊಡಿಸಿದ್ದು" ಅನ್ನುವ ಅನುಕೂಲ ಯಾರಿಗೆ ಬೇಡ?

ಹಾಗಂತ ಹಳ್ಳಿ ಮನೆಗಳಲ್ಲಿ ಶಾಸಕರ ಕೈ ಇಲ್ಲವೇ ಇಲ್ಲ ಎಂದೂ ಅಲ್ಲ. ಹೆಸರು ಗ್ರಾಮಸಭೆಯದಾದರೂ ಒಟ್ಟು ಎಷ್ಟು ಮನೆ ಎಂಬ ಗುರಿ ಬರುವುದು ಬೆಂಗಳೂರಿನಿಂದ, ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ. 2000ದಲ್ಲಿ ಹುಟ್ಟಿದ ಈ ನಿಗಮವೇ ಬಸವ ವಸತಿ, ಅಂಬೇಡ್ಕರ್ ನಿವಾಸ ಮುಂತಾದ ಯೋಜನೆಗಳ ಹಣ ಹಂಚುವುದು. ಆ ಗುರಿ ಹೆಚ್ಚು ಮಾಡಿಸಲು ವಿಧಾನಸೌಧದಲ್ಲಿ ಓಡಾಡಬೇಕಾದವರು ಶಾಸಕರು. ಅಲ್ಲಿಂದ ಎಷ್ಟು ಮನೆ ತಂದರು ಎಂದು ಕೇಳುವವರು ಕಡಿಮೆ, "ನನ್ನ ಹೆಸರು ಯಾಕ ಬರಲಿಲ್ಲ" ಎನ್ನುವವರೇ ಹೆಚ್ಚು.

2025ರ ಜೂನ್ ತಿಂಗಳಲ್ಲಿ ಈ ಓಡಾಟದ ಒಳಗುಟ್ಟು ಸ್ವಲ್ಪ ಹೊರಬಿತ್ತು. ಆಳಂದದ ಶಾಸಕ ಬಿ. ಆರ್. ಪಾಟೀಲರು ವಸತಿ ಸಚಿವ ಜಮೀರ್ ಅಹ್ಮದ್ ಖಾನರ ಆಪ್ತ ಕಾರ್ಯದರ್ಶಿಯ ಜೊತೆ ಫೋನಿನಲ್ಲಿ ಆಡಿದ ಮಾತು ಬಯಲಾಯಿತು. ತಮ್ಮ ಶಿಫಾರಸು ಪತ್ರಕ್ಕೆ ಬೆಲೆ ಇಲ್ಲ, ದುಡ್ಡು ಕೊಟ್ಟವರಿಗೆ ಮನೆ ಮಂಜೂರಾಗಿದೆ ಎಂಬುದು ಅವರ ಆರೋಪದ ಸಾರ. ಸಚಿವರು ಅದನ್ನು ಅಲ್ಲಗಳೆದರು. ಒಂದೆರಡು ದಿನದಲ್ಲೇ ಕಾಗವಾಡದ ಶಾಸಕ ರಾಜು ಕಾಗೆಯವರೂ ದನಿಗೂಡಿಸಿದರು: ಪಾಟೀಲರು ಹೇಳಿದ್ದರಲ್ಲಿ ತಪ್ಪಿಲ್ಲ, ತಮ್ಮ ಕ್ಷೇತ್ರಕ್ಕೆ ಮುಖ್ಯಮಂತ್ರಿ ಕೊಟ್ಟ 25 ಕೋಟಿ ರೂಪಾಯಿ ವಿಶೇಷ ಅನುದಾನದ ಕೆಲಸಗಳಿಗೆ ಎರಡು ವರ್ಷವಾದರೂ ಕಾರ್ಯಾದೇಶ ಸಿಕ್ಕಿಲ್ಲ, ಬೇಸರದಲ್ಲಿ ರಾಜೀನಾಮೆ ಕೊಡುವ ಮನಸ್ಸಾಗಿದೆ ಎಂದರು. ಆ 25 ಕೋಟಿ ಮನೆಗಳದ್ದಲ್ಲ, ರಸ್ತೆ ಮತ್ತು ಸಮುದಾಯ ಭವನಗಳದ್ದು. ಆದರೂ ಆಳುವ ಪಕ್ಷದ ಶಾಸಕರೇ, ಅದೂ 2024ರಲ್ಲಿ ವಾಯವ್ಯ ಸಾರಿಗೆ ಸಂಸ್ಥೆಯ ಅಧ್ಯಕ್ಷರಾದವರೇ ಹೀಗಂದಾಗ, ಅಂಗಳದಲ್ಲಿ ಝೆರಾಕ್ಸ್ ಹಿಡಿದು ನಿಂತವರ ಗತಿ ಏನು?

ಇಲ್ಲಿ ಇನ್ನೊಂದು ಮಾತೂ ಇದೆ. ಶಾಸಕರ ಪತ್ರಕ್ಕೆ ಬೆಲೆ ಸಿಗಲಿಲ್ಲ ಎಂದು ರಾಜ್ಯವೆಲ್ಲ ಗದ್ದಲವಾಯಿತು. ಗ್ರಾಮಸಭೆಯ ಠರಾವಿಗೆ ಬೆಲೆ ಎಷ್ಟು ಎಂದು ಮಾತ್ರ ಯಾರೂ ಗದ್ದಲ ಮಾಡಲಿಲ್ಲ.

ಶಾಸಕರಿಲ್ಲದೆಯೂ ಮನೆ ಯಾದಿ ಆಗುತ್ತದೆ ಎಂಬುದನ್ನು ಕಾಗವಾಡ ಕಣ್ಣಾರೆ ಕಂಡಿದೆ. 2019ರ ಜುಲೈ 28ರಂದು ಅಂದಿನ ಶಾಸಕ ಶ್ರೀಮಂತ ಪಾಟೀಲರು ಅನರ್ಹರಾದರು. ಮರುವಾರವೇ ಕೃಷ್ಣೆ ಉಕ್ಕಿ ಬಂದಳು. ಜುಗುಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರಿನ ಕಡೆಯ ಹೊಳೀ ದಂಡೆಯ ಜನ ಜಾನುವಾರು ಹೊಡಕೊಂಡು ಹೊರಬಿದ್ದರು. ಉಪಚುನಾವಣೆ ನಡೆದದ್ದು ಡಿಸೆಂಬರ್ 5ಕ್ಕೆ. ನಡುವಿನ ನಾಲ್ಕು ತಿಂಗಳು ಕ್ಷೇತ್ರಕ್ಕೆ ಶಾಸಕರೇ ಇಲ್ಲ. ಆದರೂ ಬಿದ್ದ ಮನೆಗಳ ಸಮೀಕ್ಷೆ ನಿಲ್ಲಲಿಲ್ಲ. ಅಧಿಕಾರಿಗಳೇ ಎ, ಬಿ, ಸಿ ಎಂದು ಗುರುತು ಹಾಕಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಗೆ 50 ಸಾವಿರ. ಒಂದು ಅಕ್ಷರ ಅತ್ತಿತ್ತ ಆದರೆ ನಾಲ್ಕೂವರೆ ಲಕ್ಷದ ಮಾತು! ಅಂಥ ಹೊತ್ತಿನಲ್ಲಿ ಅನ್ಯಾಯವಾದವರ ಪರವಾಗಿ ಕೇಳಲು ಒಬ್ಬ ಚುನಾಯಿತ ಪ್ರತಿನಿಧಿ ಬೇಕಿತ್ತು. ಯಾದಿ ಬರೆಯಲು ಅಲ್ಲ, ಯಾದಿ ಪ್ರಶ್ನೆ ಮಾಡಲು.

ಹಣದ ಹಪ್ತೆಯದೂ ಒಂದು ಕಥೆ. ತಳಪಾಯ, ಗೋಡೆ, ಸ್ಲ್ಯಾಬು, ಮುಕ್ತಾಯ ಎಂದು ಹಂತ ಹಂತವಾಗಿ ಮೊಬೈಲ್ ಫೋಟೊ ಏರಿಸಿದ ಮೇಲೆ ಖಾತೆಗೆ ಹಣ. ಮೊದಲ ಹಪ್ತೆ ಕೈಗೆ ಬರುವ ಮೊದಲೇ ಸ್ವಂತ ಖರ್ಚಿನಲ್ಲಿ ತಳಪಾಯ ಹಾಕಬೇಕು. ಕೈಯಲ್ಲಿ ರೊಕ್ಕವಿಲ್ಲದವರು ಸಿಮೆಂಟು, ಕಬ್ಬಿಣ, ಉಸುಕು ಉದ್ರಿ ತರುತ್ತಾರೆ. ಹಪ್ತೆ ತಡವಾದರೆ ನಿಲ್ಲುವುದು ಗೋಡೆ ಮಾತ್ರವಲ್ಲ, ಅಂಗಡಿಯವರ ಉದ್ರಿ ಖಾತೆಯೂ ನಿಲ್ಲುತ್ತದೆ. ಗೌಂಡಿ ಬೇರೆ ಕೆಲಸ ಹಿಡಿದು ಹೋಗುತ್ತಾನೆ. ಮಳೆಗಾಲ ಬಂದರೆ ಅರ್ಧ ಗೋಡೆಯ ಮೇಲೆ ತಾಡಪತ್ರಿ. ಭೂಮಿಪೂಜೆಗೆ ಹಾರ ಹಾಕಿಸಿಕೊಂಡವರು ಈ ಹೊತ್ತಿಗೆ ಆ ಓಣಿಗೆ ಕಾಲಿಡುವುದು ಕಡಿಮೆ.

ಹೊಳೀ ದಂಡೆಯವರದು ಇನ್ನೂ ದೊಡ್ಡ ಪ್ರಶ್ನೆ. 2005, 2019, 2021, ಹೀಗೆ ಮೇಲಿಂದ ಮೇಲೆ ಪೂರ ಕಂಡವರಿಗೆ ಅದೇ ಜಾಗದಲ್ಲಿ ಮತ್ತೊಂದು ಮನೆ ಕಟ್ಟಿಕೊಟ್ಟರೆ ಉಪಯೋಗವೇನು? ಅವರಿಗೆ ಬೇಕಾದದ್ದು ಎತ್ತರದ ಜಾಗ. ಸುತ್ತಲೂ ಕಬ್ಬು ಬೆಳೆಯುವ ಭೂಮಿ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆ ಜಾಗ ಖರೀದಿ ಮಾಡಿಸುವುದು, ಅದಕ್ಕೆ ರಸ್ತೆ, ನೀರು, ಕರೆಂಟು ತರುವುದು ಗ್ರಾಮಸಭೆಯ ಠರಾವಿನಿಂದ ಆಗುವ ಕೆಲಸವಲ್ಲ. ಅದು ಶಾಸಕರ, ಸಂಸದರ ಕೆಲಸ. ಆ ಅರ್ಜಿ ಹಿಡಿದು ಅಂಗಳಕ್ಕೆ ಹೋದರೆ ತಪ್ಪೇನಿಲ್ಲ.