ಜಿಮ್ ಮಾಲೀಕರಿಗೆ ಕಣ್ಣಾಸ್ಪತ್ರೆಯ ಪಾಠ

“ನಮ್ಮ ಲೈನೇ ಬೇರೆ ಸರ್, ಹೊರಗಿನವರಿಗೆ ಅರ್ಥವಾಗಲ್ಲ.” ನಾಲ್ಕು ಜನ ಜಿಮ್ ಮಾಲೀಕರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಂದು ಜಿಮ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ನಾನೂ ಇದನ್ನು ನಂಬಿದ್ದೆ. ಈ ನಂಬಿಕೆಯಿಂದ ಆಗುವ ನಷ್ಟ ಸಣ್ಣದಲ್ಲ.

ಜನವರಿಯಲ್ಲಿ ಟ್ರೆಡ್‌ಮಿಲ್ ಮುಂದೆ ಸರದಿ ನಿಲ್ಲುತ್ತದೆ. ಯುಗಾದಿ ಹೊತ್ತಿಗೆ ಅದೇ ಟ್ರೆಡ್‌ಮಿಲ್ ಮೇಲೆ ಯಾರೋ ಟವೆಲ್ ಒಣಹಾಕಿರುತ್ತಾರೆ. ದುಡ್ಡು ಕಟ್ಟಿದವರು ಬಂದೇ ಬರುತ್ತಾರೆ ಎಂಬುದು ಮೊದಲ ತಪ್ಪು ಕಲ್ಪನೆ. ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ ದಾಖಲೆ ಇಟ್ಟುಕೊಂಡು ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಕಟ್ಟುತ್ತಿದ್ದ ಸದಸ್ಯರು ಸರಾಸರಿ 4.3 ಸಲ ಮಾತ್ರ ಬರುತ್ತಿದ್ದರು. ಹಾಗೆಂದರೆ ಒಂದು ಭೇಟಿಗೆ 17 ಡಾಲರ್‌ಗೂ ಹೆಚ್ಚು. ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ತಲಾ 10 ಡಾಲರ್‌ನಲ್ಲೇ ಮುಗಿಯುತ್ತಿತ್ತು.

ಹಾಗಾದರೆ ಬಾರದವರು ಸೋಮಾರಿಗಳೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜಿಮ್‌ನಲ್ಲಲ್ಲ, ಮದುರೈನ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಆಸ್ಪತ್ರೆ ಅದು. ಹಳ್ಳಿಗಳಲ್ಲಿ ಉಚಿತ ಶಿಬಿರ ನಡೆಸಿ, ಪೊರೆ ಬಂದಿದೆ, ಆಪರೇಷನ್ ಪುಕ್ಕಟೆ ಎಂದರೂ ಬಹಳ ಜನ ಬರಲಿಲ್ಲ. ಅವರೇನು ದೃಷ್ಟಿ ಬೇಡ ಎಂದವರಲ್ಲ. ಬಸ್ ಚಾರ್ಜು, ಊಟ, ಕೂಲಿ ತಪ್ಪುವ ಚಿಂತೆ, ಜೊತೆಗೆ ಬರುವವರು ಯಾರು ಎಂಬ ಚಿಂತೆ ಅಡ್ಡ ಬಂದಿದ್ದವು. ಆಸ್ಪತ್ರೆಯವರೇ ಬಸ್ಸು, ಊಟದ ಏರ್ಪಾಡು ಮಾಡಿ ಕರೆತಂದರು. ಜನ ಬಂದರು.

ಇದನ್ನು ಓದಿದ ಮೇಲೆ, ಜಿಮ್ ಬಿಟ್ಟುಹೋದ ಸದಸ್ಯರಿಗೆ ನಾವು ಆಫರ್ ಮೆಸೇಜ್ ಕಳಿಸುವುದನ್ನು ನಿಲ್ಲಿಸಿ, ಫೋನ್ ಮಾಡಿ “ಏನು ಅಡ್ಡಿಯಾಯಿತು?” ಎಂದು ಕೇಳತೊಡಗಿದೆವು. ಒಬ್ಬ ತಾಯಿ, “ಆರು ಗಂಟೆಗೆ ಮಗನನ್ನು ಟ್ಯೂಷನ್‌ಗೆ ಬಿಡಬೇಕು, ನಿಮ್ಮ ಬ್ಯಾಚೂ ಆರಕ್ಕೇ” ಎಂದರು. ಬ್ಯಾಚನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದೆವು. ಅವರು ಮರಳಿದ್ದಷ್ಟೇ ಅಲ್ಲ, ಅದೇ ಟ್ಯೂಷನ್ ಗೇಟಿನ ಇನ್ನಿಬ್ಬರು ತಾಯಂದಿರನ್ನೂ ಕರೆತಂದರು.

ಹೊರಗಿನಿಂದ ಕಲಿಯುವುದೆಂದರೆ ಹೊರಗಿನ ಥಳುಕನ್ನು ತರುವುದು ಎಂಬ ಭ್ರಮೆಯೂ ಇದೆ. ಐಷಾರಾಮಿ ಹೋಟೆಲಿನ ದೀಪ, ಮೂಲೆಯಲ್ಲೊಂದು ಕಾಫಿ ಬಾರ್. ವೆಂಕಟಸ್ವಾಮಿಯವರು ಮೆಚ್ಚಿ ಮಾತಾಡುತ್ತಿದ್ದುದು ಮೆಕ್‌ಡೊನಾಲ್ಡ್ಸ್ ಬಗ್ಗೆ. ಆದರೆ ಅವರು ಅಲ್ಲಿಂದ ತಂದದ್ದು ಬರ್ಗರನ್ನಲ್ಲ, ಎಲ್ಲಿ ಹೋದರೂ ಒಂದೇ ಕ್ರಮ, ಒಂದೇ ಗುಣಮಟ್ಟ ಎಂಬ ಶಿಸ್ತನ್ನು. ಅರವಿಂದ್‌ನಲ್ಲಿ ಸರ್ಜನ್ ಒಂದು ಮೇಜಿನ ಮೇಲೆ ಆಪರೇಷನ್ ಮಾಡುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿ ಸಿದ್ಧರಾಗಿರುತ್ತಾರೆ. ಸೂಕ್ಷ್ಮದರ್ಶಕವನ್ನು ಆ ಕಡೆ ತಿರುಗಿಸಿದರೆ ಮುಂದಿನ ಕೆಲಸ ಶುರು.

ಇನ್ನು ನಾಯಕತ್ವ. ಎಲ್ಲರಿಗಿಂತ ಹೆಚ್ಚು ಭಾರ ಎತ್ತುವವನನ್ನೇ ಹೆಡ್ ಟ್ರೈನರ್ ಮಾಡುವ ರೂಢಿ ನಮ್ಮಲ್ಲಿದೆ. ತೋಳಿನ ಬಲ ಬೇರೆ, ತಂಡ ನಡೆಸುವ ಬಲ ಬೇರೆ. ಈ ಪಾಠ ಸಿಕ್ಕಿದ್ದೂ ಹೊರಗಿನಿಂದಲೇ. ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯರು ಟಿವಿಯಲ್ಲಿ ಫಾರ್ಮುಲಾ ಒನ್ ರೇಸ್ ನೋಡುವಾಗ ಅವರ ಕಣ್ಣು ನೆಟ್ಟಿದ್ದು ಓಟದ ನಡುವೆ ಕಾರಿನ ಟೈರ್ ಬದಲಿಸುವ ಪಿಟ್ ಸ್ಟಾಪ್ ಮೇಲೆ. ಹೃದಯದ ಆಪರೇಷನ್ ಆದ ಮಗುವನ್ನು ತೀವ್ರ ನಿಗಾ ಘಟಕಕ್ಕೆ ಒಪ್ಪಿಸುವಾಗ ಅವರ ಆಸ್ಪತ್ರೆಯಲ್ಲಿ ಗೊಂದಲವಾಗುತ್ತಿತ್ತು. ಪಿಟ್ ಸ್ಟಾಪ್‌ನಲ್ಲಾದರೆ ಪ್ರತಿಯೊಬ್ಬರಿಗೂ ಒಂದೊಂದೇ ಕೆಲಸ, ಆಗ ಕೋಲು ಹಿಡಿದವನೊಬ್ಬ ಹೇಳುವ ತನಕ ಕಾರು ಕದಲುತ್ತಿರಲಿಲ್ಲ. ಫೆರಾರಿ ತಂಡದ ನೆರವಿನಿಂದ ಆಸ್ಪತ್ರೆ ತನ್ನ ಕ್ರಮವನ್ನು ತಿದ್ದಿಕೊಂಡಿತು. ಮಗುವನ್ನು ಒಪ್ಪಿಸುವಾಗ ಯಾರ ಮಾತು ನಡೆಯಬೇಕೆಂಬುದು ಖಚಿತವಾಯಿತು, ತಪ್ಪುಗಳು ಇಳಿದವು.

ನಮ್ಮಲ್ಲಿ ಬೆಳಗಿನ ಟ್ರೈನರ್‌ಗೆ ಗೊತ್ತಿದ್ದದ್ದು ಸಂಜೆಯವನಿಗೆ ಗೊತ್ತಿರುತ್ತಿರಲಿಲ್ಲ. ಈಗ ಶಿಫ್ಟ್ ಬದಲಾಗುವಾಗ ಇಬ್ಬರೂ ರಿಜಿಸ್ಟರ್ ಮುಂದೆ ನಿಂತು ಐದು ನಿಮಿಷ ಮಾತಾಡುತ್ತಾರೆ. ಆ ಹೊತ್ತಿನ ಹೊಣೆ ನಮ್ಮ ರಿಸೆಪ್ಷನ್ ಹುಡುಗಿಯದು. ಅವಳು ಸಹಿ ಹಾಕಿಸಿಕೊಳ್ಳುವ ತನಕ ಬೆಳಗಿನವರು ಬ್ಯಾಗ್ ಎತ್ತುವಂತಿಲ್ಲ. ಮೊದಲ ವಾರದ ಒಂದು ಸಾಲು ಇನ್ನೂ ನೆನಪಿದೆ: “ಎಡ ಮಂಡಿ ನೋವು ಅಂದರು, ಕೇಳದಿದ್ದರೆ ನಾಚಿಕೊಂಡು ಹೇಳಲ್ಲ. ಸಂಜೆ ಸ್ಕ್ವಾಟ್ ಬೇಡ.”